ಕುಂಕುಮವಿದ್ದ ಫ್ಲೈವೀಲ್

ಹೂಡಿ
6 ಜುಲೈ 2025, ಭಾನುವಾರ

ಹಿರಿಯರಾದ ದ್ವಾರಕಾನಾಥ ಅವರಿಗೆ ನಮಸ್ಕಾರ.

ಸಂಜೆ ಏಳು ಗಂಟೆ. ಬೆಳಿಗ್ಗೆ ಬಾಡಿಗೆಯವರ ಮನೆಯ ನೀರಿನ ಮೋಟಾರು ಕೆಟ್ಟು, ಅದನ್ನು ಸರಿಮಾಡಿಸುವುದರಲ್ಲೇ ಮಧ್ಯಾಹ್ನವಾಯಿತು. ಆಮೇಲೆ ಶೆಡ್ಡಿನ ಬಾಗಿಲು ತೆಗೆಸಿದೆ. ಬಹಳ ದಿನದಿಂದ ಮುಚ್ಚಿತ್ತು. ಇಲಿಗಳು ಜೀಪಿನ ಸೀಟಿನ ಸ್ಪಂಜನ್ನೆಲ್ಲ ಕಿತ್ತು ಗೂಡು ಮಾಡಿಕೊಂಡಿದ್ದವು.

ನಾನು ಮುನಿಕೃಷ್ಣನ ಅಕ್ಕ ಯಮುನಾ. ನೀವು ನನ್ನನ್ನು ನೋಡಿಲ್ಲ. ನೀವು ಜೀಪಿನ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ತಪಾಸಣೆ ಕೆಲಸದಲ್ಲಿದ್ದವರು, ಕಿವಿ ಕೇಳಿಸುವುದಿಲ್ಲ, ಮನೆಗೆ ಹೋದವರು ಸ್ಲೇಟಿನ ಮೇಲೆ ಬರೆದು ಮಾತಾಡಬೇಕು ಅಂತ ಅವನು ಹೇಳುತ್ತಿದ್ದ. ಫೋನು ಮಾಡಿ ಪ್ರಯೋಜನವಿಲ್ಲವೆಂದು ಈ ಕಾಗದ. ಪೀಣ್ಯದಿಂದ ನಮ್ಮ ಕಡೆಗೆ ರಟ್ಟಿನ ಪೆಟ್ಟಿಗೆ ತರುವ ಟೆಂಪೊ ಚಿಕ್ಕಮುನಿಯಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಮೊದಲೂ ನಿಮ್ಮ ಸಾಮಾನು ಅವನ ಟೆಂಪೊದಲ್ಲೇ ಬರುತ್ತಿತ್ತು.

ಮುನಿಕೃಷ್ಣ ತನ್ನ ಹಳೆಯ ಜೀಪಿಗೆ ಒಂದು ಸ್ಪೆಷಲ್ ಸೆಟ್ ಹುಡುಕುತ್ತಿದ್ದ. ಕೆಸರಿನಲ್ಲಿ, ಬಂಡೆಯ ಮೇಲೆ ಪಂದ್ಯ ಓಡಿಸುವ ಗಾಡಿಗಳಿಗೆ ಬಲ ಹೆಚ್ಚಲಿ ಎಂದು ನಿಮ್ಮ ಕಾರ್ಖಾನೆಯೇ ಮಾಡಿ, ಸ್ವಲ್ಪ ಕಾಲದ ಮೇಲೆ ನಿಲ್ಲಿಸಿದ ಸಾಮಾನು ಅದು. ಕ್ಯಾಮ್‌ಶಾಫ್ಟ್, ಎರಡು ಕಾರ್ಬುರೇಟರ್ ಕೂರಿಸುವ ಮ್ಯಾನಿಫೋಲ್ಡ್, ಹಗುರ ಮಾಡಿದ ಫ್ಲೈವೀಲ್. ಮೂರೂ ಬೇಕು. ನನಗೆ ಇವುಗಳ ಹೆಸರು ಮಾತ್ರ ಗೊತ್ತಿತ್ತು. ಫ್ಲೈವೀಲ್ ಎಂದರೆ ಎಂಜಿನ್ನಿನ ಹಿಂದೆ ತಿರುಗುವ ಕಬ್ಬಿಣದ ದೊಡ್ಡ ಚಕ್ರ ಅಂತ ನಮ್ಮ ಮೆಕ್ಯಾನಿಕ್ ರಾಮಾಂಜಿನಪ್ಪ ಇವತ್ತು ಹೇಳಿದ.

ಮುನಿಕೃಷ್ಣನಿಗೆ ಬರಲು ಆಗುವುದಿಲ್ಲ. ಅದಕ್ಕೆ ನಾನು ಬರೆದೆ. ಈ ಸಲದ ಆಯುಧಪೂಜೆಗೆ ಜೀಪು ಸ್ಟಾರ್ಟ್ ಆಗಬೇಕು.

ನಾಳೆ ಶೆಡ್ಡಿಗೆ ಸುಣ್ಣ ಹೊಡೆಯುವವರು ಬರುತ್ತಾರೆ.

ಯಮುನಾ


ಲಗ್ಗೆರೆ
12 ಜುಲೈ 2025

ಚಿ. ಸೌ. ಯಮುನಾಗೆ ಆಶೀರ್ವಾದಗಳು.

ಮುನಿಕೃಷ್ಣನಿಗೆ ಅಕ್ಕ ಇದ್ದಾಳೆಂದು ಗೊತ್ತಿತ್ತು, ಇಷ್ಟು ದುಂಡಗೆ ಬರೆಯುತ್ತಾಳೆಂದು ಗೊತ್ತಿರಲಿಲ್ಲ. ಅವನ ಬರಹ ನನ್ನ ಸ್ಲೇಟಿನ ಮೇಲೆ ಇರುವೆಗಳು ಗುಳೆ ಹೊರಟ ಹಾಗೆ ಇರುತ್ತಿತ್ತು. "ಮುಂದಿನ ವಾರ ಸೀಬೆಹಣ್ಣು ತರ್ತೀನಿ ಸಾರ್" ಎಂದು ಬರೆದು ಹೋದವನು ಒಂದು ವರ್ಷವಾಗುತ್ತ ಬಂದರೂ ಮುಖ ತೋರಿಸಿಲ್ಲ. ಹಣ್ಣು ಮರದಲ್ಲೇ ಕೊಳೆಯಿತೇನೋ ಕೇಳು. ಅಕ್ಕನ ಕೈಯಲ್ಲಿ ಕಾಗದ ಬರೆಸುವಷ್ಟು ದೊಡ್ಡ ಮನುಷ್ಯನಾದನೋ?

ಕ್ಯಾಮ್‌ಶಾಫ್ಟ್ ಸಿಕ್ಕಿದೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಅಟ್ಟದಲ್ಲಿ ಗ್ರೀಸು ಬಳಿದ ಕಾಗದದೊಳಗೆ ಹಾಗೇ ಇತ್ತು. ಟೆಂಪೊದಲ್ಲಿ ಕಳಿಸಿದ್ದೇನೆ. ಮ್ಯಾನಿಫೋಲ್ಡ್ ಹುಡುಕಬಹುದು, ಸ್ವಲ್ಪ ಸಮಯ ಬೇಕು.

ಹಗುರದ ಫ್ಲೈವೀಲ್ ಸಿಗುವುದಿಲ್ಲ. ಹುಡುಕುವುದೂ ಬೇಡ. ಗಾಡಿಯಲ್ಲಿ ಮೊದಲಿದ್ದದ್ದೇ ಇರಲಿ.

ಎಂಜಿನ್ನನ್ನು ಕಟ್ಟೆಗೆ ಬಿಗಿದು ಓಡಿಸಿ ನೋಡುವ ಟೆಸ್ಟ್ ಬೆಡ್‌ನಲ್ಲಿ ಚನಬಸಪ್ಪ ಎಂಬ ಸ್ನೇಹಿತರು ನನ್ನ ಜೊತೆ ಇದ್ದರು. "ಲೇ ದ್ವಾರಕಾ, ಈ ಪಂದ್ಯದ ಹುಡುಗ್ರಿಗೆ ಎಂಜಿನ್ ಬೇಕಾಗಿಲ್ಲ ಕಣೋ, ಗದ್ದಲ ಬೇಕು" ಎನ್ನುತ್ತಿದ್ದರು. ನಿನ್ನ ತಮ್ಮನನ್ನು ನೋಡಿದಾಗಲೆಲ್ಲ ಅವರ ನೆನಪಾಗುತ್ತಿತ್ತು.

ದ್ವಾರಕಾನಾಥ


ಹೂಡಿ
3 ಆಗಸ್ಟ್ 2025, ಭಾನುವಾರ

ಹಿರಿಯರಿಗೆ ನಮಸ್ಕಾರ.

ರಾತ್ರಿ ಎಂಟಾಗಿದೆ. ನಿನ್ನೆ ಇಡೀ ದಿನ ಜೆ.ಸಿ. ರೋಡಿನಲ್ಲಿ ಸುತ್ತಿದೆ. ಜೊತೆಗೆ ಮುನಿಕೃಷ್ಣನ ಮಗಳು ಸಮನ್ವಿತಾ ಬಂದಿದ್ದಳು. ಮೊದಲ ವರ್ಷದ ಡಿಗ್ರಿ ಓದುತ್ತಾಳೆ. ಅವಳು ಚಿಕ್ಕವಳಿದ್ದಾಗಲೇ ತಾಯಿ ಹೋದಳು, ನಾನೇ ಬೆಳೆಸಿದ್ದು. ಒಂದು ಅಂಗಡಿಯವನು ನಮ್ಮ ಚೀಟಿ ನೋಡಿ, "ಮೇಡಂ, ಇದು ಸ್ಪೇರ್ ಪಾರ್ಟ್ಸ್ ಅಂಗಡಿ, ಮ್ಯೂಸಿಯಂ ಆ ಕಡೆ ಕಬ್ಬನ್ ಪಾರ್ಕ್ ಹತ್ರ ಇದೆ" ಅಂದ. ಸಮನ್ವಿತಾ, "ಹೋಗಿದ್ವಿ ಅಣ್ಣ, ಅವ್ರು ನಿಮ್ಮ ಅಂಗಡೀನೇ ತೋರ್ಸಿದ್ರು" ಅಂದಳು. ಅವನು ನಕ್ಕು ಟೀ ತರಿಸಿಕೊಟ್ಟ. ಫ್ಲೈವೀಲ್ ಮಾತ್ರ ಅವನ ಹತ್ತಿರವೂ ಇರಲಿಲ್ಲ.

ಹಳೆಯದೇ ಇರಲಿ ಎಂದು ಬರೆದಿದ್ದಿರಿ. ಅದು ಗಾಡಿಯಲ್ಲಿಲ್ಲ. ಸ್ಪೆಷಲ್ ಸೆಟ್ ಸಿಕ್ಕೇ ಸಿಗುತ್ತದೆ ಎಂದು ಮುನಿಕೃಷ್ಣ ಅದನ್ನು ಬಿಚ್ಚಿ ಗುಜರಿಗೆ ಹಾಕಿದ್ದ. ರಾಮಾಂಜಿನಪ್ಪ ಕ್ಯಾಮ್‌ಶಾಫ್ಟ್ ಹಾಕಿದ್ದಾನೆ. "ಇಷ್ಟೆಲ್ಲಾ ಮಾಡಿ ಫ್ಲೈವೀಲ್ ಮಾಮೂಲಿದು ಹಾಕ್ಬುಟ್ರೆ ಮುನಿಯಣ್ಣ ಒಪ್ತಿರ್ಲಿಲ್ಲ ಅಕ್ಕ" ಅನ್ನುತ್ತಾನೆ.

ನಿಮ್ಮ ಹತ್ತಿರ ಒಂದು ಇದ್ದು, ಬೇರೆ ಯಾರಿಗಾದರೂ ಮಾತು ಕೊಟ್ಟಿದ್ದರೆ ಹಾಗೆಂದು ಹೇಳಿಬಿಡಿ. ನನಗೆ ಬೇಸರವಿಲ್ಲ.

ಸೀಬೆಹಣ್ಣು ಒಂದು ಚೀಲ ಕಳಿಸಿದ್ದೇನೆ. ಮರ ಇನ್ನೂ ಹಣ್ಣು ಬಿಡುತ್ತಿದೆ. ಕಿತ್ತು ಕೊಡುವವರಿಲ್ಲ, ಅಷ್ಟೆ.

ನಾಳೆಯಿಂದ ಜೀಪಿಗೆ ಬಣ್ಣ ಹೊಡೆಯಲು ಶುರು.

ಯಮುನಾ


ಲಗ್ಗೆರೆ
16 ಆಗಸ್ಟ್ 2025

ಯಮುನಾಗೆ ಆಶೀರ್ವಾದಗಳು.

ಮ್ಯಾನಿಫೋಲ್ಡ್ ಈ ಟೆಂಪೊದಲ್ಲಿ ಬರುತ್ತಿದೆ. ಸೀಬೆಹಣ್ಣು ಚೆನ್ನಾಗಿದ್ದವು. ಸೊಸೆ ಸೀತಾ ಉಪ್ಪು ಖಾರ ಹಾಕಿ ಕೊಟ್ಟಳು. ಹಲ್ಲಿಲ್ಲದವನಿಗೆ ಬೀಜದ್ದೇ ಕಷ್ಟ.

ನಾನು ಯಾರಿಗೂ ಮಾತು ಕೊಟ್ಟಿಲ್ಲ. ಆ ಫ್ಲೈವೀಲ್ ನನ್ನಲ್ಲಿ ಇಲ್ಲ, ಇದ್ದಿದ್ದರೂ ಕೊಡುತ್ತಿರಲಿಲ್ಲ. ಇನ್ನು ಅದರ ಮಾತು ಬೇಡ. ಮಾಮೂಲಿನದ್ದು ಒಂದು ಒಳ್ಳೆಯದು ನಾನೇ ಹುಡುಕಿ ಕಳಿಸುತ್ತೇನೆ, ಅಲ್ಲಿಯವರೆಗೆ ತಡೆಯಿರಿ.

ಮುನಿಕೃಷ್ಣ ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾನೆ ಎಂದು ಕಾಣುತ್ತದೆ. ಕೊನೆಯ ಸಲ ಬಂದಾಗ ಇದೇ ಫ್ಲೈವೀಲಿಗೆ ಹಟ ಹಿಡಿದ. ನಾನು ಅವನ ಕೈಯಿಂದ ಸ್ಲೇಟು ಕಿತ್ತುಕೊಂಡು ಒರೆಸಿಬಿಟ್ಟೆ. ಅದಕ್ಕೇ ಇರಬೇಕು, ನಿನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತಿದ್ದಾನೆ. ಮುದುಕನ ಮೇಲೆ ಇಷ್ಟು ದಿನ ಹಗೆ ಸಾಧಿಸಬಾರದು, ಒಂದು ಸಲ ಬಂದು ಹೋಗು ಅಂತ ಹೇಳು.

ದ್ವಾರಕಾನಾಥ


ಹೂಡಿ
7 ಸೆಪ್ಟೆಂಬರ್ 2025, ಭಾನುವಾರ

ಹಿರಿಯರಿಗೆ ನಮಸ್ಕಾರ.

ಸಂಜೆ ಆರು ಗಂಟೆ. ಇವತ್ತು ರಾತ್ರಿ ಚಂದ್ರಗ್ರಹಣ. ಅಮ್ಮ ಹೊತ್ತಿಗೆ ಮೊದಲೇ ಎಲ್ಲರಿಗೂ ಊಟ ಹಾಕಿ, ನೀರಿಗೆ, ಉಪ್ಪಿನಕಾಯಿಗೆ ದರ್ಭೆ ಹಾಕಿಟ್ಟಳು. ಜೀಪಿನ ಬಾನೆಟ್ಟಿನ ಮೇಲೂ ಒಂದು ಎಳೆ ಇಟ್ಟು ಬಂದಳು. ಗಾಡಿಗೂ ಗ್ರಹಣ ಹಿಡಿಯುತ್ತಾ ಅಜ್ಜಿ ಅಂತ ಸಮನ್ವಿತಾ ನಕ್ಕಳು. "ನಿಮ್ಮಪ್ಪಂಗೆ ಇಡೀಲಿಲ್ವೇನೆ" ಅಂದಳು ಅಮ್ಮ.

ನಿಮ್ಮ ಎರಡು ಕಾಗದಕ್ಕೂ ನಾನು ಸರಿಯಾದ ಉತ್ತರ ಕೊಡಲಿಲ್ಲ. ಅವನು ಸಿಟ್ಟಾಗಿಲ್ಲ. ಹೋದ ವರ್ಷದ ಪಿತೃಪಕ್ಷದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಳ್ಳುತ್ತಿದೆ ಅಂತ ಶೆಡ್ಡಿನ ಕಟ್ಟೆಯ ಮೇಲೆ ಕೂತ. ನಾನು ನೀರು ತರಲು ಒಳಗೆ ಹೋದೆ. ನಲವತ್ನಾಲ್ಕು ವಯಸ್ಸು. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

ನಿಮಗೆ ಮೊದಲೇ ಬರೆಯದೆ ಇದ್ದದ್ದಕ್ಕೆ ಕಾರಣ ಹೇಳಲು ನನಗೆ ಬರುವುದಿಲ್ಲ. ನಿಮ್ಮ ಕಾಗದದಲ್ಲಿ ಅವನು ಇನ್ನೂ ಮುನಿಸಿಕೊಂಡು ಎಲ್ಲೋ ಹಿಂದೆ ನಿಂತಿದ್ದ. ಅದನ್ನು ಎರಡು ಸಲ ಓದಿದೆ.

ಪ್ರತಿ ಆಯುಧಪೂಜೆಗೂ ಮಂಗಳಾರತಿ ಎತ್ತಿದ ತಕ್ಷಣ ಅವನು ಜೀಪಿನ ಆಕ್ಸಿಲರೇಟರ್ ಪೂರ್ತಿ ಒತ್ತಿ, ಕರ್ಪೂರ ಆರುವವರೆಗೂ ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜಾಗಟೆ ಅಂದರೆ ಅದೇ. ಹೋದ ವರ್ಷ ಹಬ್ಬ ಇರಲಿಲ್ಲ. ಈ ಸಲ ವರ್ಷದ ತಿಥಿ ಮುಗಿದ ಮೇಲೆ ಬರುವ ಮೊದಲ ಹಬ್ಬ. ಅವನು ಬಯಸಿದ ಹಾಗೇ ಎಂಜಿನ್ ಪೂರ್ತಿ ಆಗಿರಬೇಕು, ಆ ಸದ್ದನ್ನು ಅಮ್ಮ ಒಂದು ಸಲ ಕೇಳಬೇಕು. ನನಗೆ ಬೇಕಾಗಿರುವುದು ಇಷ್ಟೆ.

ನಾಳೆಯಿಂದ ಪಿತೃಪಕ್ಷ.

ಯಮುನಾ


ಲಗ್ಗೆರೆ
11 ಸೆಪ್ಟೆಂಬರ್ 2025

ಮಗಳೇ ಯಮುನಾ,

ಅವನು ಬರೆಯುತ್ತಿದ್ದ ಸ್ಲೇಟನ್ನು ತಂದು ಮುಂದೆ ಇಟ್ಟುಕೊಂಡಿದ್ದೇನೆ. ಸೀಬೆಹಣ್ಣಿನ ಬಗ್ಗೆ ನಾನು ಬರೆದದ್ದನ್ನು ನೀನು ಹೇಗೆ ಓದಿಕೊಂಡೆಯೋ.

ಮಾಮೂಲಿನ ಫ್ಲೈವೀಲ್ ನನ್ನ ಪರಿಚಯದವರ ಹತ್ತಿರ ಇದೆ, ಉಜ್ಜಿಸಿ ನೇರ ಮಾಡಿಸಿ ಹಬ್ಬದೊಳಗೆ ಕಳಿಸುತ್ತೇನೆ. ಅದನ್ನೇ ಹಾಕಿಸು. ಸದ್ದು ಅದರಲ್ಲೂ ಬರುತ್ತದೆ. ಈ ಮಾತಿಗೆ ಕಾರಣ ಕೇಳಬೇಡ.

ಮುಂದಿನ ವಾರ ಕಣ್ಣಿನ ಆಪರೇಷನ್ ಇದೆ. ಇನ್ನೊಂದು ಕಣ್ಣು ಮೊದಲೇ ಮಂಜು. ಉತ್ತರ ತಡವಾದರೆ ತಪ್ಪು ತಿಳಿಯಬೇಡ.

ದ್ವಾರಕಾನಾಥ


ಹೂಡಿ
22 ಸೆಪ್ಟೆಂಬರ್ 2025, ಸೋಮವಾರ

ಹಿರಿಯರಿಗೆ ನಮಸ್ಕಾರ. ಆಪರೇಷನ್ ಚೆನ್ನಾಗಿ ಆಯಿತೆಂದು ನಂಬಿದ್ದೇನೆ.

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಅಮ್ಮ ನವರಾತ್ರಿಯ ದೀಪ ಹಚ್ಚಿದಳು. ಮೊನ್ನೆ ಶನಿವಾರದ ವಿಷಯ ನಿಮಗೆ ಹೇಳಬೇಕು.

ನೀವು ಬೇಡ ಅಂದಿದ್ದಿರಿ. ಆದರೂ ರಾಮಾಂಜಿನಪ್ಪ ಮಾಕಳಿಯ ಒಂದು ಗುಜರಿ ಅಂಗಡಿಯ ಗುರುತು ಹೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ಮಾದಾವರದವರೆಗೆ ಮೆಟ್ರೋದಲ್ಲಿ ಹೋಗಿ, ಅಲ್ಲಿಂದ ಸಮನ್ವಿತಾ ಮತ್ತು ನಾನು ಆಟೊ ಹಿಡಿದೆವು. ಗುಜರಿಯ ಗಂಗಪ್ಪ ಹಲ್ಲುಜ್ಜುತ್ತಾ ಗೇಟಿನಲ್ಲೇ ನಿಂತಿದ್ದ. "ಅಂಗಡಿ ಅಂತ ಯಾರಕ್ಕ ಏಳಿದ್ದು? ಇದು ಸ್ಮಶಾನ. ನಿಮ್ಮೋರು ಯಾರಾದ್ರೂ ಇದ್ರೆ ಉಡೀಕಳಿ" ಅಂದ. ಹುಡುಕುತ್ತಾ ಮಧ್ಯಾಹ್ನವಾಯಿತು. ಏನೂ ಸಿಗದೆ ಹೊರಟಾಗ ಸಮನ್ವಿತಾ ಗೇಟಿನ ಹತ್ತಿರ ನಿಂತುಬಿಟ್ಟಳು. ಗಾಳಿಗೆ ಗೇಟು ಬಡಿಯದಿರಲಿ ಅಂತ ಒತ್ತು ಕೊಟ್ಟಿದ್ದ ಚಕ್ರ ಅದೇ ಆಗಿತ್ತು. ಅವರಪ್ಪ ಚೀಟಿಯಲ್ಲಿ ಬರೆದಿಟ್ಟಿದ್ದ ನಂಬರು ಅದರ ಮೇಲೆ ಕೊರೆದಿತ್ತು.

"ಇದು ನಿಮ್ಗೆ ಎಲ್ಲಿಂದ ಬಂತು?" ಅಂದೆ.

"ನಮ್ಮಪ್ಪನ್ ಕಾಲದ್ದು ಅಕ್ಕ. ಯಾವ್ದೋ ಕಾರ್ಖಾನೆ ಲಾರೀಲಿ ಒಂದ್ ರಾಶಿ ಬಂದಿತ್ತಂತೆ. ಎಲ್ಲಾ ಕರಗ್ಸಕ್ಕೋದ್ವು, ಗೇಟಿಗೆ ಬೇಕು ಅಂತ ಇದೊಂದು ಉಳೀತು. ತಗೊಂಡೋಗಿ, ಗೇಟಿಗೆ ಕಲ್ಲಿಟ್ಕೊತೀನಿ."

ಮನೆಗೆ ತಂದು ತುಕ್ಕು ತಿಕ್ಕಿದಾಗ ಇನ್ನೊಂದು ಕಾಣಿಸಿತು. ನಡುವಿನ ತೂತುಗಳ ಹತ್ತಿರ ಹೆಬ್ಬೆರಳಗಲ ಕುಂಕುಮ. ಸಮನ್ವಿತಾ ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗಲಿಲ್ಲ. ಅಮ್ಮ ನೋಡಿ ಸೆರಗು ಹೊದ್ದು ಕೈ ಮುಗಿದಳು. "ಕಾರ್ಖಾನೇಲಿ ಪೂಜೆ ಮಾಡಿದ್ ಚಕ್ರ ಕಣೇ ಇದು. ಇಷ್ಟ್ ವರ್ಷ ಮಳೇಲಿ ಬಿದ್ದಿದ್ರೂ ಕುಂಕುಮ ಹೋಗಿಲ್ಲ ನೋಡು. ಉಜ್ಜಬ್ಯಾಡಿ, ಅಂಗೇ ಇರ್ಲಿ." ಹಾಗೇ ಬಿಟ್ಟೆವು. ನಿಮ್ಮ ಕಾರ್ಖಾನೆಯಲ್ಲೂ ಆಯುಧಪೂಜೆಗೆ ಪ್ರತಿ ಸಾಮಾನಿಗೂ ಹಚ್ಚುತ್ತಿದ್ದಿರೇನೋ. ಆ ಬೊಟ್ಟು ನೀವೇ ಇಟ್ಟದ್ದಿರಬಹುದು ಅಂತ ಸಮನ್ವಿತಾ ಹೇಳುತ್ತಾಳೆ.

ನಿನ್ನೆ ರಾಮಾಂಜಿನಪ್ಪ ಅದನ್ನು ಕೂರಿಸಿದ. ಸಣ್ಣಗೆ ಒಂದು ಗಳಿಗೆ ಓಡಿಸಿ, "ಸಕ್ಕತ್ ಅಗುರಕ್ಕ, ಗಾಳಿ ತಿರುಗ್ದಂಗೆ ತಿರುಗ್ತದೆ" ಅಂದ. ಜೋರಾಗಿ ಓಡಿಸುವುದನ್ನು ಹಬ್ಬಕ್ಕೆ ಇಟ್ಟಿದ್ದೇವೆ. ಅಕ್ಟೋಬರ್ ಒಂದನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಪೂಜೆ. ಅವರಪ್ಪನ ಜಾಗದಲ್ಲಿ ಸಮನ್ವಿತಾ ಕೂರುತ್ತಾಳೆ.

ಇನ್ನು ಮಾಮೂಲಿನದ್ದಕ್ಕಾಗಿ ನೀವು ಕಷ್ಟಪಡಬೇಡಿ. ನಾಳೆ ಸೀಟಿಗೆ ಹೊಸ ಬಟ್ಟೆ ಬರುತ್ತದೆ.

ಯಮುನಾ


ಲಗ್ಗೆರೆ
29 ಸೆಪ್ಟೆಂಬರ್ 2025, ಸೋಮವಾರ ರಾತ್ರಿ

ಯಮುನಾ,

ಅದು ಕುಂಕುಮ ಅಲ್ಲ. ಜೀಪು ಸ್ಟಾರ್ಟ್ ಮಾಡಬೇಡಿ.

ನಿನ್ನ ಕಾಗದ ಬಂದಾಗ ನನ್ನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಕಿವುಡನಿಗೆ ಯಾರು ಏನು ಓದಿ ಹೇಳುತ್ತಾರೆ. ಸೀತಾ ಕಪಾಟಿನಲ್ಲಿ ಇಟ್ಟಿದ್ದಳು. ಇವತ್ತು ಸಂಜೆ ನನ್ನ ಕೈಗೆ ಬಂತು.

ತಪಾಸಣೆಯಲ್ಲಿ ಕೆಟ್ಟದ್ದೆಂದು ತೆಗೆದಿಟ್ಟ ಸಾಮಾನಿಗೆ ನಾವು ಕೆಂಪು ಬಣ್ಣದಲ್ಲಿ ಹೆಬ್ಬೆರಳದ್ದಿ ಗುರುತು ಹಾಕುತ್ತಿದ್ದೆವು. ಅದು ಸೀಮೆಎಣ್ಣೆಗೆ ಹೋಗುವ ಬಣ್ಣವಲ್ಲ. ಹಗುರವಾಗಲಿ ಎಂದು ಆ ಚಕ್ರದ ಮೈ ಬಹಳ ಕೆತ್ತಿದ್ದರು. ಒಂದಷ್ಟರಲ್ಲಿ ಎರಕದ ಒಳಗೇ ಬಿರುಕು, ಕಣ್ಣಿಗೆ ಕಾಣುವುದಿಲ್ಲ. ಮೆಲ್ಲಗೆ ಓಡಿದರೆ ಏನೂ ಆಗುವುದಿಲ್ಲ, ಅದೇ ಅದರ ಮೋಸ. ವೇಗ ಏರಿಸಿ ಹಿಡಿದರೆ ಒಡೆಯುತ್ತದೆ. ಟೆಸ್ಟ್ ಬೆಡ್‌ನಲ್ಲಿ ಹಾಗೇ ಒಂದು ಒಡೆಯಿತು. ನಾನು ಕಂಬದ ಹಿಂದೆ ಇದ್ದೆ. ಚನಬಸಪ್ಪ ಎಂಜಿನ್ನಿನ ಪಕ್ಕದಲ್ಲಿ ನಿಂತಿದ್ದರು. ಚೂರು ಅವರನ್ನು ಸೀಳಿಕೊಂಡು ಗೋಡೆಯೊಳಗೆ ಹೋಗಿತ್ತು. ನಾನು ಸರಿಯಾಗಿ ಕೇಳಿದ ಕೊನೆಯ ಸದ್ದು ಅದು. ಉಳಿದವನ್ನೆಲ್ಲ ಪರೀಕ್ಷಿಸಿ, ಬಿರುಕಿದ್ದವಕ್ಕೆ ಗುರುತು ಹಾಕಿ ಒಡೆಯಲು ಕಳಿಸಿದೆವು. ಒಡೆಯದೆ ಲಾರಿಗೆ ಹಾಕಿದ್ದಾರೆ.

ಇದನ್ನು ಮುನಿಕೃಷ್ಣನಿಗೆ ಹೇಳಲಿಲ್ಲ. ಬಿರುಕಿಲ್ಲದ್ದೂ ಕೆಲವು ಇದ್ದವೆಂದು ತಿಳಿದರೆ ಅವನಂಥ ಹುಡುಗರು ಇನ್ನೂ ಆಸೆಪಟ್ಟು ಅದನ್ನೇ ಹುಡುಕುತ್ತಾರೆ. ನಿನಗೂ ಅದಕ್ಕೇ ಹೇಳಲಿಲ್ಲ.

ಜೀಪಿನಲ್ಲಿ ಆ ಚಕ್ರ ಇರುವುದು ಓಡಿಸುವವರ ಪಾದದ ಪಕ್ಕ. ಮಧ್ಯೆ ಇರುವುದು ಒಂದು ತೆಳು ತಗಡು. ಮಗುವನ್ನು ಕೂರಿಸಬೇಡ. ಅಕ್ಕಪಕ್ಕ ಯಾರೂ ನಿಲ್ಲಬೇಡಿ.

ನಿನ್ನ ಫೋನ್ ನಂಬರ್ ನೀನು ಬರೆದಿಲ್ಲ, ಕಿವುಡನಿಗೆ ಯಾಕೆಂದು ನಾನೂ ಕೇಳಲಿಲ್ಲ. ನಮ್ಮಲ್ಲಿರುವುದು ಮುನಿಕೃಷ್ಣನದು ಒಂದೇ. ಸೀತಾ ಮಾಡಿ ನೋಡಿದಳು, ಅದು ಆಫ್ ಆಗಿದೆ. ನಾಳೆ ಬೆಳಿಗ್ಗೆ ಚಿಕ್ಕಮುನಿಯಪ್ಪನ ಟೆಂಪೊದಲ್ಲಿ ಒಳ್ಳೆಯ ಫ್ಲೈವೀಲ್ ಒಂದು ಪೆಟ್ಟಿಗೆಯಲ್ಲಿ ಕಳಿಸುತ್ತೇನೆ. ಬೇರೆ ಕೊಟ್ಟರೆ ಅವನು ಕಾಗದ ಕಳೆದುಬಿಡುತ್ತಾನೆ, ಅದಕ್ಕೆ ಅದರೊಳಗೇ ಇಡುತ್ತೇನೆ. ಇದನ್ನು ನೋಡುವವರೆಗೂ ಗಾಡಿ ಸ್ಟಾರ್ಟ್ ಮಾಡಬಾರದು ಎಂದು ಬಾಯಲ್ಲೂ ಹೇಳಿ ಕಳಿಸುತ್ತೇನೆ. ಮಗ ಸುಧೀಂದ್ರ ಹೊಸಪೇಟೆಯ ಕಡೆ ಕೆಲಸದ ಮೇಲೆ ಹೋಗಿದ್ದಾನೆ, ನಾಳೆ ರಾತ್ರಿ ಬರುತ್ತಾನೆ. ಹಬ್ಬದ ಬೆಳಿಗ್ಗೆ ಮೊದಲ ಮೆಟ್ರೋಗೆ ಅವನನ್ನು ಹೊರಡಿಸುತ್ತೇನೆ. ಎಂಟರೊಳಗೆ ನಿಮ್ಮ ಮನೆ ಹುಡುಕಿಕೊಂಡು ಬರುತ್ತಾನೆ. ಹನ್ನೊಂದಕ್ಕೆ ಇನ್ನೂ ಹೊತ್ತಿರುತ್ತದೆ.

ದ್ವಾರಕಾನಾಥ


ಹೂಡಿ
30 ಸೆಪ್ಟೆಂಬರ್ 2025, ಮಂಗಳವಾರ

ಹಿರಿಯರಿಗೆ ನಮಸ್ಕಾರ.

ರಾತ್ರಿ ಒಂಬತ್ತು ಗಂಟೆ. ಇವತ್ತು ಬಾಳೆಕಂದು, ಸೇವಂತಿಗೆ, ಬೂದುಗುಂಬಳ ತಂದು, ಶೆಡ್ಡು ತೊಳೆದು ಮುಗಿಯುವಷ್ಟರಲ್ಲಿ ಕತ್ತಲಾಯಿತು. ಸಮನ್ವಿತಾ ಜೀಪಿನ ಮುಂದೆ ರಂಗೋಲಿ ಹಾಕಿದ್ದಾಳೆ. ರಂಗೋಲಿ ಅಂತ ಬಿಡಿಸಿರುವುದು ಫ್ಲೈವೀಲನ್ನೇ. ನಡುವೆ ಕೆಂಪು ಬೊಟ್ಟನ್ನೂ ಇಟ್ಟಿದ್ದಾಳೆ.

ನಿಮ್ಮ ಪೆಟ್ಟಿಗೆ ಬಂತು. ನಾನು ಹೂವಿಗೆ ಹೋಗಿದ್ದೆ, ಅಮ್ಮ ಇಳಿಸಿಕೊಂಡಳು. ಚಿಕ್ಕಮುನಿಯಪ್ಪ, "ಇದನ್ನ ನೋಡೋಗಂಟ ಗಾಡಿ ಸ್ಟಾರ್ಟ್ ಮಾಡ್ಬಾರ್ದಂತೆ, ಯಜಮಾನ್ರು ಒತ್ತಿ ಏಳವ್ರೆ" ಅಂದನಂತೆ. ಅಮ್ಮನಿಗೆ ಬಹಳ ಸಂತೋಷವಾಯಿತು. "ಬ್ರಾಹ್ಮಣ್ರು, ತಿಳ್ದೋರು. ಇದನ್ನ ಪೂಜೇಲಿಟ್ಟು ನೋಡ್ದೆ ಎಂಜಿನ್ ಎಬ್ಬುಸ್ಬಾರ್ದು ಅಂತ ಅವ್ರೇ ಏಳಿ ಕಳ್ಸವ್ರೆ" ಅಂದಳು. ರಾಮಾಂಜಿನಪ್ಪ ಸಂಜೆ ಇನ್ನೊಂದು ಸಲ ಓಡಿಸಿ ನೋಡುತ್ತೇನೆ ಅಂತ ಬಂದಿದ್ದ. ಅಮ್ಮ ಕೀಲಿ ಕಿತ್ತು ದೇವರ ಮನೆಯಲ್ಲಿಟ್ಟಳು. ನಿಮ್ಮ ಮಾತಿನಂತೆ ಪೂಜೆಯವರೆಗೂ ಯಾರೂ ಮುಟ್ಟುವುದಿಲ್ಲ.

ಪೆಟ್ಟಿಗೆಯ ಭಾರ ನೋಡಿದರೆ ಒಳಗೆ ಫ್ಲೈವೀಲ್ ಇದೆ ಅಂತ ತಿಳಿಯುತ್ತದೆ. ಬೇಡ ಅಂದರೂ ಕಳಿಸಿದ್ದೀರಿ. ನಿಮ್ಮ ಮೇಲೆ ಒಂದೊಂದು ಸಲ ತಪ್ಪು ಯೋಚನೆ ಮಾಡಿದ್ದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಬಿಚ್ಚಿ ನೋಡೋಣ ಅಂದೆ. ಅಷ್ಟರಲ್ಲಿ ಅಮ್ಮ ಅದನ್ನು ಸ್ಪ್ಯಾನರು, ಸುತ್ತಿಗೆ, ಸಮನ್ವಿತಾಳ ಪುಸ್ತಕಗಳ ಜೊತೆ ಮಣೆಯ ಮೇಲೆ ಇಟ್ಟು ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದಳು. ಪೂಜೆಗೆ ಇಟ್ಟದ್ದನ್ನು ನಡುವೆ ಎತ್ತುವ ಹಾಗಿಲ್ಲ. ಮಂಗಳಾರತಿ ಆದ ಮೇಲೆ ಎಲ್ಲಕ್ಕಿಂತ ಮೊದಲು ಅದನ್ನೇ ಬಿಚ್ಚುತ್ತೇವೆ.

ನಾಳೆ ಟೆಂಪೊಗೂ ಹಬ್ಬ, ಆದ್ದರಿಂದ ಈ ಕಾಗದ ನಾಡಿದ್ದು ನಿಮಗೆ ಸೇರುತ್ತದೆ. ಅಮ್ಮನಿಗೆ ಜೀಪಿನ ಪಕ್ಕದಲ್ಲೇ ಕುರ್ಚಿ ಹಾಕಿದ್ದೇನೆ, ಸದ್ದು ಹತ್ತಿರದಿಂದ ಕೇಳಲಿ ಅಂತ. ನಾನು ಸಮನ್ವಿತಾಳ ಪಕ್ಕ ನಿಲ್ಲುತ್ತೇನೆ. ಕರ್ಪೂರ ಆರುವವರೆಗೂ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬಾರದು ಅಂತ ಅವಳಿಗೆ ಹೇಳಿಕೊಟ್ಟಿದ್ದೇನೆ. "ಗೊತ್ತು ಅತ್ತೆ, ಅಪ್ಪನ್ನ ನೋಡಿಲ್ವಾ" ಅಂದಳು.

ಪುರೋಹಿತರಿಗೆ ನಾಳೆ ಏಳರಿಂದ ಮಧ್ಯಾಹ್ನದವರೆಗೂ ಬೇರೆ ಕಡೆ ಫ್ಯಾಕ್ಟರಿ ಪೂಜೆ ಬಂದಿದೆಯಂತೆ. ನಮ್ಮದನ್ನು ಮೊದಲು ಮುಗಿಸಿಕೊಡುತ್ತಾರೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಮಂಗಳಾರತಿ.

ಯಮುನಾ